ರಾಚೆಸ್ಟರ್, 1830: ಕಾಲುವೆಯ ಊರಿಗೆ ಬಂದ ಫಿನ್ನಿ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಆರಂಭದ ಕೈಗಾರಿಕೆ ಎಂದರೆ ಲೋವೆಲ್ ಪಟ್ಟಣದ ಹತ್ತಿ ಗಿರಣಿಗಳು ನೆನಪಾಗುತ್ತವೆ. ದುಡಿಮೆಗೂ ಪ್ರಾರ್ಥನೆಗೂ ಬೆಸೆದ ನಂಟು ಮಾತ್ರ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಹೆಚ್ಚು ನಿಚ್ಚಳ.

1825ರಲ್ಲಿ, ಹಡ್ಸನ್ ನದಿಯನ್ನು ಈರಿ ಸರೋವರಕ್ಕೆ ಜೋಡಿಸುವ, ರಾಚೆಸ್ಟರ್ ಮೂಲಕ ಹಾಯುವ ಈರಿ ಕಾಲುವೆ ಪೂರ್ತಿಯಾಯಿತು. ಉದ್ದ 363 ಮೈಲಿ, ಆಳ ಬರೀ 4 ಅಡಿ. ದೋಣಿಗಳನ್ನು ಎಳೆಯುತ್ತಿದ್ದದ್ದು ದಂಡೆಯ ಮೇಲೆ ನಡೆಯುವ ಕುದುರೆ, ಹೇಸರಗತ್ತೆಗಳು. ಆದರೂ ಸಾಗಣೆ ಖರ್ಚು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಜೆನಸೀ ನದಿಯ ಜಲಪಾತದ ಬಲದಿಂದ ಬೀಸಿದ ಗೋಧಿ ಹಿಟ್ಟು ರಾಚೆಸ್ಟರಿನಿಂದ ಕಾಲುವೆ ಹಿಡಿಯಿತು. 1830ಕ್ಕೆ ಊರಿನ ಜನ 9,000 ದಾಟಿದ್ದರು.

ಮೊದಲು ಜೋಡು ಹೊಲಿಯುವವರು ಯಜಮಾನನ ಮನೆಯಲ್ಲೇ ದುಡಿದು, ಅಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದರು. ಕೆಲಸದ ನಡುವೆ ವಿಸ್ಕಿ ಹಂಚುತ್ತಿದ್ದವನೂ ಯಜಮಾನನೇ; ತಾನೂ ಜೊತೆಗೆ ಕುಡಿಯುತ್ತಿದ್ದ. ಬೇಡಿಕೆ ಏರಿದಂತೆ ಕೆಲಸ ತುಂಡುತುಂಡಾಯಿತು: ಚರ್ಮ ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ. ಆಳುಗಳು ಬೇರೆ ಕೇರಿಗಳಲ್ಲಿ ಬಾಡಿಗೆ ಹಿಡಿದರು, ಕುಡಿತವೂ ಅವರ ಹಿಂದೆಯೇ ಹೋಯಿತು. ಬೆಳಗ್ಗೆ ತಡವಾಗಿ ಬಂದವನನ್ನು ಗದರಿಸಬಹುದಿತ್ತು. ರಾತ್ರಿ ಅವನು ಏನು ಮಾಡಿದ ಎಂಬುದು ಯಜಮಾನನ ಕೈ ಮೀರಿತ್ತು.

1830ರ ಸೆಪ್ಟೆಂಬರಿನಲ್ಲಿ ಕ್ರೈಸ್ತ ಮತಪ್ರಚಾರಕ ಚಾರ್ಲ್ಸ್ ಗ್ರಾಂಡಿಸನ್ ಫಿನ್ನಿ ಬಂದರು. ಹಿಂದೆ ವಕೀಲಿ ಕಲಿತವರು. ವಾದಿಸುವ ಧಾಟಿ ಬಿಟ್ಟಿರಲಿಲ್ಲ. ಪಾಪ ನಿಮ್ಮದೇ ಆಯ್ಕೆ, ಬಿಡುವುದೂ ನಿಮ್ಮ ಕೈಲೇ ಇದೆ ಎಂದರು. ದೇವರು ಮೊದಲೇ ಆರಿಸಿಟ್ಟವರಿಗಷ್ಟೇ ಮೋಕ್ಷ ಎಂಬ ಹಳೆಯ ನಂಬಿಕೆಗೆ ಇದು ನೇರ ಪೆಟ್ಟು. ಸಭೆಗಳು ರಾತ್ರಿಯಿಂದ ರಾತ್ರಿಗೆ ಮುಂದುವರಿದವು. ತಳಮಳಗೊಂಡವರಿಗೆ ಮುಂದಿನ ಸಾಲು ಮೀಸಲು. ಅವರ ಹೆಸರು ಹಿಡಿದೇ ಪ್ರಾರ್ಥನೆ. ಹೆಂಗಸರು ಮನೆಮನೆ ಸುತ್ತಿ ಗಂಡಂದಿರನ್ನು ಕರೆತಂದರು. ಇದೆಲ್ಲ ಆಳುಗಳನ್ನು ಹದ್ದಿನಲ್ಲಿಡಲು ಧಣಿಗಳು ಹೂಡಿದ ಹೂಟವಷ್ಟೇ ಎನ್ನುವವರಿದ್ದಾರೆ; ಅವರು ಈ ಹೆಂಗಸರನ್ನು ಮರೆಯುತ್ತಾರೆ.

ಡಿಸೆಂಬರ್ 31ರಂದು ಫಿನ್ನಿಯವರ ಶಿಷ್ಯ ಥಿಯೊಡೋರ್ ವೆಲ್ಡ್ ಮದ್ಯದ ವಿರುದ್ಧ ಮಾತಾಡಿದರು. ಬೆನ್ನಲ್ಲೇ ವ್ಯಾಪಾರಿಗಳಿಬ್ಬರು ತಮ್ಮ ವಿಸ್ಕಿ ಪೀಪಾಯಿಗಳನ್ನು ಬೀದಿಗೆ ಉರುಳಿಸಿ ಒಡೆದರು. ಧಣಿಗಳಲ್ಲಿ ಕೆಲವರು ಚರ್ಚಿಗೆ ಹೋಗುವವರಿಗೇ ಕೆಲಸ ಎನ್ನತೊಡಗಿದರು. ಇಲ್ಲೇ ಎಡವಟ್ಟಾಯಿತು: ಭಕ್ತಿ ಯಾವುದು, ಹೊಟ್ಟೆಪಾಡು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಯಿತು.

ಮನುಷ್ಯ ಪಾಪ ಬಿಡಬಲ್ಲನಾದರೆ ದೇಶ ಗುಲಾಮಗಿರಿಯನ್ನೂ ಬಿಡಬಲ್ಲದು. ವೆಲ್ಡ್ ಈ ತರ್ಕ ಹಿಡಿದು ಹೊರಟರು. ರೇಷ್ಮೆ ವ್ಯಾಪಾರಿ ಆರ್ಥರ್ ಟ್ಯಾಪನ್ ಈ ಹೋರಾಟಕ್ಕೆ ಹಣ ಕೊಟ್ಟರು. ಇತ್ತ ಲೋವೆಲ್‌ನ ಮಗ್ಗಗಳು ಗುಲಾಮರು ಬೆಳೆದ ಹತ್ತಿಯನ್ನೇ ನೇಯುತ್ತಿದ್ದವು. ಫಿನ್ನಿಯವರೂ ಗುಲಾಮಗಿರಿಯ ವಿರೋಧಿಯೇ. ಆದರೆ ಮತಪ್ರಚಾರ ಮುಂದಿರಲಿ, ಈ ಹೋರಾಟ ಅದರ ಹಿಂದೆ ಬರಲಿ ಎಂದು 1836ರಲ್ಲಿ ವೆಲ್ಡ್‌ಗೆ ಪತ್ರ ಬರೆದರು. ವೆಲ್ಡ್ ಒಪ್ಪಲಿಲ್ಲ.