ಚರಕದ ಬಾವುಟ

ಕೇಳುಗರಿಗೆ ನಮಸ್ಕಾರ.

ಕಾಂಗ್ರೆಸ್ ಪಕ್ಷದ ಬಾವುಟ ಯಾವುದು ಅಂತ ಕೇಳಿದರೆ ಹೆಚ್ಚಿನವರು ತಕ್ಷಣ ‘ಹಸ್ತ’ ಅಂತಾರೆ. ಹಸ್ತ ಚುನಾವಣೆಯ ಗುರುತು. ಬಾವುಟದ ಕಥೆಯೇ ಬೇರೆ. ಆ ಕಥೆ ತಿಳಿಯಬೇಕಾದರೆ ಬಾವುಟದ ಮಧ್ಯದಲ್ಲಿದ್ದ ಚರಕವನ್ನು ನೋಡಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ್ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ 72 ಜನ ಪ್ರತಿನಿಧಿಗಳು ಸೇರಿ ಕಾಂಗ್ರೆಸ್ ಶುರು ಮಾಡಿದರು. ಆಗ ಚರಕವೂ ಇಲ್ಲ, ತ್ರಿವರ್ಣವೂ ಇಲ್ಲ. 1921ರಲ್ಲಿ ವಿಜಯವಾಡದಲ್ಲಿ ಪಿಂಗಳಿ ವೆಂಕಯ್ಯ ಅವರು ಕೆಂಪು, ಹಸಿರು ಬಣ್ಣದ ಬಾವುಟವೊಂದನ್ನು ಗಾಂಧೀಜಿಗೆ ತೋರಿಸಿದರು. ಗಾಂಧೀಜಿ ಅದಕ್ಕೆ ಬಿಳಿಯನ್ನೂ ಚರಕವನ್ನೂ ಸೇರಿಸಿದರು. ಆಗ ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದವರಿಗೆ ಅಂತ ಅರ್ಥ ಹೇಳುತ್ತಿದ್ದರು. ನಮಗೂ ಒಂದು ಬಣ್ಣ ಬೇಕು ಅಂತ ಸಿಖ್ಖರು ಕೇಳಿದರು. ಸಹಜ ಅಲ್ವಾ? ಧರ್ಮಕ್ಕೊಂದು ಬಣ್ಣ ಅಂತ ಹೊರಟರೆ ಅದು ಮುಗಿಯುವುದೇ ಇಲ್ಲ.

1931ರಲ್ಲಿ ಇದಕ್ಕಾಗಿಯೇ ಒಂದು ಸಮಿತಿ ಮಾಡಿದರು. ಬರೀ ಕೇಸರಿ ಬಟ್ಟೆ, ಅದರ ಮೇಲೆ ಚರಕ ಇರಲಿ ಅಂತ ಸಮಿತಿ ಹೇಳಿತು. ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಕೇಸರಿ, ಬಿಳಿ, ಹಸಿರು, ನಡುವೆ ಚರಕ ಅಂತ ತೀರ್ಮಾನವಾಯಿತು. ಕೇಸರಿ ಎಂದರೆ ಧೈರ್ಯ ಮತ್ತು ತ್ಯಾಗ, ಬಿಳಿ ಎಂದರೆ ಸತ್ಯ ಮತ್ತು ಶಾಂತಿ, ಹಸಿರು ಎಂದರೆ ನಂಬಿಕೆ ಮತ್ತು ಶೌರ್ಯ. ಯಾವ ಬಣ್ಣಕ್ಕೂ ಯಾವ ಧರ್ಮದ ಅರ್ಥವೂ ಇಲ್ಲ ಅಂತ ಆಗಲೇ ಬಿಡಿಸಿ ಹೇಳಿದ್ದರು. ಈಗಲೂ ಕೆಲವರು ಹಳೇ ಅರ್ಥವನ್ನೇ ಒಪ್ಪಿಸುತ್ತಾರೆ. ದಯವಿಟ್ಟು ಅದನ್ನು ಬಿಡಿ. ಬಣ್ಣಗಳ ಅರ್ಥ ಬದಲಾಯಿತು, ಚರಕ ಮಾತ್ರ ಜಾಗ ಬಿಡಲಿಲ್ಲ.

ಇನ್ನು ನಮ್ಮ ಶಿವಪುರಕ್ಕೆ ಬರೋಣ. ಮದ್ದೂರಿನ ಪಕ್ಕದ ಊರು. 1938ರ ಏಪ್ರಿಲ್. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ, ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಕೂಡದು ಅಂತ ಸರ್ಕಾರದ ಅಪ್ಪಣೆ. ಊರೂರಿಂದ ರೈತರು ಬಂದು ಸೇರಿದ್ದಾರೆ. ಪೊಲೀಸರೂ ಬಂದಿದ್ದಾರೆ. ಸ್ವಲ್ಪ ಯೋಚನೆ ಮಾಡಿ, ಕೈಯಲ್ಲಿ ಕತ್ತಿ ಕೋಲು ಏನೂ ಇಲ್ಲ. ಇರುವುದು ಖಾದಿಯ ಒಂದು ತುಂಡು, ಅದರ ಮೇಲೊಂದು ಚರಕದ ಚಿತ್ರ. ಅದನ್ನು ಏರಿಸುವುದೇ ಅಪರಾಧ! ಆದರೂ ಏರಿಸಿದರು. ಮುಖಂಡರನ್ನು ಬಂಧಿಸಿದರು. ಜನ ಹೆದರಿ ಹಿಂದೆ ಸರಿಯಲಿಲ್ಲ. ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ ಓಡಾಡುವವರು ಅಲ್ಲಿನ ಸತ್ಯಾಗ್ರಹ ಸೌಧವನ್ನು ನೋಡಿರುತ್ತೀರಿ. ಮುಂದಿನ ಸಲ ಸುಮ್ನೆ ದಾಟಿ ಹೋಗಬೇಡಿ, ಇಳಿದು ನೋಡಿ.

ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಇದೇ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು. ಎಷ್ಟೋ ಜನ ಪ್ರಾಣ ಬಿಟ್ಟರು. ದೇಶವೆಲ್ಲ ತಿರುಗಿ ನೋಡಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತಾಡಿದರು. ಕೊನೆಗೆ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಚರಕ ಇಲ್ಲಿಯೂ ಗೆದ್ದಿತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. 1947ರ ಜುಲೈ 22ರಂದು ಸಂವಿಧಾನ ಸಭೆ ರಾಷ್ಟ್ರಧ್ವಜವನ್ನು ಒಪ್ಪಿತು. ಬಣ್ಣಗಳು ಅವೇ, ಚರಕದ ಜಾಗಕ್ಕೆ ಅಶೋಕ ಚಕ್ರ ಬಂತು. ಚಕ್ರ ಇದ್ದರೆ ದೇಶದ್ದು, ಚರಕ ಇದ್ದರೆ ಪಕ್ಷದ್ದು. ಮಕ್ಕಳಿಗೆ ಇಷ್ಟು ಹೇಳಿಕೊಡಿ ಸಾಕು. ಇನ್ನು ಚುನಾವಣೆಯ ಗುರುತು. 1952ರಲ್ಲಿ ಜೋಡೆತ್ತು ಇತ್ತು. ಪಕ್ಷ ಒಡೆದ ಮೇಲೆ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹಸು-ಕರು ಬಂತು. ಹಸ್ತ ಬಂದದ್ದು 1978ರಲ್ಲಿ, ಶಿವಪುರದಲ್ಲಿ ಬಾವುಟ ಏರಿ 40 ವರ್ಷ ಆದ ಮೇಲೆ.

ನಮಸ್ಕಾರ.