ಗೇರ್ ಬಾಕ್ಸ್ ಬಿಚ್ಚುವ ಮೊದಲು ಬುಶ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಹಳೆ ಕಾರು ಇಟ್ಟುಕೊಂಡವರ ಜೊತೆ. ಹೊಸ ಕಾರಿನವರು ಬೇಕಾದರೆ ಎದ್ದು ಹೋಗಿ ಒಂದು ಚಾ ಕುಡಿದು ಬನ್ನಿ. ಹತ್ತು ವರ್ಷ ಕಳೆದರೆ ನೀವೂ ಇದೇ ಸಾಲಿಗೆ ಬಂದು ನಿಲ್ಲುವವರೇ.

ನಾನು ಕಲಬುರಗಿಯಲ್ಲಿ ರಿಂಗ್ ರೋಡ್ ಪಕ್ಕ ಗ್ಯಾರೇಜ್ ನಡೆಸುವವನು. ಕಾರಿನ ಕೆಳಗೆ ಮಲಗಿ ಮಾತಾಡಿ ರೂಢಿ. ಮೈಕಿನ ಮುಂದೆ ಕೂತು ರೂಢಿಯಿಲ್ಲ. ಅದಕ್ಕೇ ಒಂದೇ ಒಂದು ವಿಷಯ ಹಿಡಿದುಕೊಂಡು ಬಂದಿದ್ದೇನೆ. ಅದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೇರ್ ಬಾಕ್ಸ್ ಬಿಚ್ಚುವ ಮೊದಲು ಬುಶ್ ನೋಡಿ.

ನಮ್ಮ ಕಡೆ ಹಳೆ ಕಾರು ಅಂದರೆ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ರಸ್ತೆಗೆ ಇಳಿಯಿತು. 2014ರಲ್ಲಿ ತಯಾರಿಕೆ ನಿಂತಿತು. ಆದರೆ ಗಾಡಿಗಳು ನಿಲ್ಲಬೇಕಲ್ಲ! ಆಳಂದದ ಕಡೆ ಹೋಗಿ, ಜೇವರ್ಗಿ ಕಡೆ ಹೋಗಿ, ಹಿಂದಿನ ಸೀಟಿನಲ್ಲಿ ತೊಗರಿ ಚೀಲ ಹೇರಿಕೊಂಡು ಓಡಾಡುವ 800 ಇನ್ನೂ ಸಿಗುತ್ತವೆ. ಎಂಜಿನ್ ಗಟ್ಟಿ. ಬಾಡಿಯಲ್ಲಿ ಒಂದಿಷ್ಟು ತುಕ್ಕು. ಗೇರ್ ಲಿವರ್ ಮಾತ್ರ ಗಂಜಿಯೊಳಗಿನ ಸೌಟಿನ ಹಾಗೆ ಎತ್ತ ಬೇಕಾದರೂ ತಿರುಗುತ್ತದೆ.

ಗ್ಯಾರೇಜಿಗೆ ಬಂದವರು ಇಳಿಯುವ ಮೊದಲೇ ಹೇಳುತ್ತಾರೆ: "ಉಸ್ತಾದ್, ಗೇರ್ ಬೀಳವಲ್ದು. ಗೇರ್ ಬಾಕ್ಸ್ ಹೋಗ್ಯಾದ ಕಾಣ್ತದ." ಯಾರು ಹೇಳಿದರು ನಿಮಗೆ ಗೇರ್ ಬಾಕ್ಸ್ ಹೋಗಿದೆ ಅಂತ? ಪಕ್ಕದ ಮನೆಯವರು. ಪಕ್ಕದ ಮನೆಯವರು ಏನು ಕೆಲಸ ಮಾಡುತ್ತಾರೆ? ಬಟ್ಟೆ ಅಂಗಡಿ!

ಸ್ವಲ್ಪ ಒಳಗೆ ಹೋಗೋಣ. ನಿಮ್ಮ ಕೈಯಲ್ಲಿರುವ ಗೇರ್ ಲಿವರ್ ಎರಡು ಸೀಟಿನ ನಡುವೆ ಇದೆ. ಗೇರ್ ಬಾಕ್ಸ್ ಎಲ್ಲಿದೆ? ಮುಂದೆ, ಬಾನೆಟ್ ಒಳಗೆ, ಎಂಜಿನ್ನಿಗೆ ಅಂಟಿಕೊಂಡು. ಇವೆರಡರ ನಡುವೆ ಕಾರಿನ ಹೊಟ್ಟೆಯ ಕೆಳಗೆ ಒಂದು ಉದ್ದ ರಾಡ್ ಹೋಗುತ್ತದೆ. ನೀವು ಲಿವರ್ ಅಲ್ಲಾಡಿಸಿದರೆ ರಾಡ್ ಅಲ್ಲಾಡುತ್ತದೆ, ರಾಡ್ ಹೋಗಿ ಬಾಕ್ಸಿನ ಒಳಗೆ ಗೇರ್ ಹಾಕುತ್ತದೆ. ರಾಡ್ ಎಲ್ಲೆಲ್ಲಿ ಕೂಡುತ್ತದೋ ಅಲ್ಲಲ್ಲಿ ಒಂದು ಕೀಲು. ಆ ಕೀಲಿನ ಒಳಗೆ ಒಂದು ಸಣ್ಣ ಬಳೆ. ನೈಲಾನಿನದು, ಇಲ್ಲವೇ ರಬ್ಬರಿನದು. ಕಿರುಬೆರಳಿನ ಉಂಗುರದಷ್ಟು ಇರುತ್ತದೆ. ಅದೇ ಬುಶ್. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು ಅಂತ ನಡುವೆ ಕೂತು ತಾನು ಸವೆಯುವುದೇ ಅದರ ಕೆಲಸ.

ಅದು ಸವೆದರೆ ಕೀಲಿನಲ್ಲಿ ಜಾಗ ಬೀಳುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಪ್ಲೇ ಅಂತೀವಿ. ನಿಮ್ಮ ಕೈ ತಳ್ಳಿದ್ದರಲ್ಲಿ ಅರ್ಧ ಆ ಜಾಗ ತುಂಬುವುದಕ್ಕೇ ಹೋಗುತ್ತದೆ. ಉಳಿದರ್ಧ ಬಾಕ್ಸಿಗೆ ತಲುಪುತ್ತದೆ. ಪಾಪ, ಬಾಕ್ಸ್ ಏನು ಮಾಡೀತು?

ನಮ್ಮ ಊರಿನಲ್ಲಿ ಬುಶ್ ಬೇಗ ಸಾಯುತ್ತದೆ, ಅದೂ ಸುಮ್ನೆ ಅಲ್ಲ. ಬೇಸಿಗೆಯಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು. ಕೆಳಗೆ ಕಾದ ಡಾಂಬರು, ಪಕ್ಕದಲ್ಲೇ ಸೈಲೆನ್ಸರ್ ಪೈಪಿನ ಕಾವು. ರಬ್ಬರ್ ಒಣಗಿ ಹಪ್ಪಳವಾಗುತ್ತದೆ. ಮೇಲೆ ಧೂಳು. ವಾಡಿ, ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡಾಡುವವರಿಗೆ ನಾನು ಹೇಳಬೇಕಿಲ್ಲ. ಆ ಧೂಳು ಹಳೆ ಗ್ರೀಸಿಗೆ ಸೇರಿದರೆ ಉಜ್ಜುಕಾಗದದ ಹಾಗೆ ಬುಶ್ ತಿನ್ನುತ್ತದೆ.

ಈಗ ಒಬ್ಬ ಮಾಸ್ತರರ ಕಥೆ ಹೇಳಲೇಬೇಕು. ಈ ಕಥೆಗಾಗಿಯೇ ನಾನು ರೇಡಿಯೋಗೆ ಒಪ್ಪಿಕೊಂಡಿದ್ದು.

ಆಳಂದ ತಾಲ್ಲೂಕಿನ ಒಂದು ಊರಿನ ಗಣಿತದ ಮಾಸ್ತರರು. ರಿಟೈರ್ ಆಗಿದ್ದಾರೆ. ಬಿಳಿ ಬಣ್ಣದ 800, ಮೈತುಂಬ ಒರೆಸಿ ಇಟ್ಟಿದ್ದು. ಅವರ ಕಾರಿಗೆ ರಿವರ್ಸ್ ಗೇರ್ ಬೀಳುತ್ತಿರಲಿಲ್ಲ. ಒಂದೆರಡು ದಿನದ ಮಾತಲ್ಲ, ಪೂರ್ತಿ ಎರಡು ವರ್ಷ! ಮಾಸ್ತರರು ಅದಕ್ಕೆ ತಕ್ಕ ಹಾಗೆ ಬದುಕನ್ನೇ ಬದಲಿಸಿಕೊಂಡಿದ್ದರು. ಮದುವೆಗೆ ಹೋದರೆ ಕಾರು ಮಂಟಪದ ಒಳಗೆ ತರುತ್ತಿರಲಿಲ್ಲ, ರಸ್ತೆಯಲ್ಲೇ ನಿಲ್ಲಿಸುತ್ತಿದ್ದರು. ಎಲ್ಲೇ ನಿಲ್ಲಿಸಿದರೂ ಮೂತಿ ಹೊರಗೆ. ಇಳಿಜಾರು ಸಿಕ್ಕರೆ ಮುಖದಲ್ಲಿ ನಗು. ಹಿಂದೆ ಹೋಗಲೇಬೇಕಾದರೆ ಬಾಯಾರು, ಅಂದರೆ ಮಾಸ್ತರರ ಹೆಂಡತಿ, ಇಳಿದು ಮುಂದಿನಿಂದ ತಳ್ಳುತ್ತಿದ್ದರು. ಅದೂ ಇಳಕಲ್ ಸೀರೆ ಉಟ್ಟುಕೊಂಡು.

ಮುಂದಿನ ಗೇರುಗಳ ಕಥೆ ಬೇರೆ. ಎರಡನೆಯದು ಅಂತ ಹಾಕಿದರೆ ನಾಲ್ಕನೆಯದು ಬೀಳುತ್ತಿತ್ತು. ಏರಿನಲ್ಲಿ ಗಾಡಿ ಗಕ್ ಅಂತ ನಿಲ್ಲುತ್ತಿತ್ತು. ಎರಡನೆಯದು ಸರಿಯಾಗಿ ಬೀಳಬೇಕಾದರೆ ಲಿವರನ್ನು ಎಡಕ್ಕೆ ಎಲ್ಲಿಯ ತನಕ ಎಳೆಯಬೇಕಿತ್ತು ಅಂದರೆ, ಬಾಯಾರ ಮೊಣಕಾಲಿಗೆ ಬಡಿಯುವ ತನಕ. "ಇವರಿಗೆ ಗೇರ್ ಸಿಕ್ತದ್ರಿ, ನನಗ ಮೊಣಕಾಲು ಬ್ಯಾನಿ ಸಿಕ್ತದ" ಅಂತ ಅವರೇ ನನಗೆ ಹೇಳಿದ್ದು.

ಮಾಸ್ತರರು ರಿಪೇರಿಗೆ ಹೋಗಿರಲಿಲ್ಲ ಅಂತಲ್ಲ. ಹೋಗಿದ್ದರು. ಎಲ್ಲಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಕೆಳಗೆ ಬಗ್ಗಿ ನೋಡದೆ ಗೇರ್ ಬಾಕ್ಸ್ ಇಳಿಸಿದರು. ಬಿಚ್ಚಿದರು, ಬೇರಿಂಗ್ ಹಾಕಿದರು, ಕಟ್ಟಿದರು. ಪೆನ್ಶನ್ನಿನ ಒಂದು ದೊಡ್ಡ ಪಾಲು ಹೋಯಿತು. ಮನೆಗೆ ಬಂದು ಲಿವರ್ ಹಿಡಿದರೆ ಅದೇ ಸೌಟು, ಅದೇ ಗಂಜಿ. "ಗಾಡಿ ಹಳೇದು ರೀ, ಹಿಂಗೇ ಇರ್ತದ" ಅಂದು ಕಳಿಸಿಬಿಟ್ಟರಂತೆ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಿಂಗೇ ಇರುತ್ತದೆ ಅನ್ನುವುದಕ್ಕೆ ನಿಮಗೆ ಮಿಸ್ತ್ರಿ ಯಾಕೆ ಬೇಕು?

ನನ್ನ ಹತ್ತಿರ ಬಂದಾಗ ನಾನು ಮಾಡಿದ್ದು ಇಷ್ಟೇ. ಎಂಜಿನ್ ಬಂದ್. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದೆ. ನಮ್ಮ ಹುಡುಗನಿಗೆ ಮೇಲೆ ಕೂತು ಲಿವರನ್ನು ಮೆಲ್ಲಗೆ ಆಚೆ ಈಚೆ ಮಾಡು ಅಂದೆ. ನಾನು ಕೆಳಗೆ ಇಳಿದು ಬ್ಯಾಟರಿ ಹಿಡಿದು ನೋಡಿದೆ. ಲಿವರಿನ ಕಾಲು ಅಲ್ಲಾಡುತ್ತಿತ್ತು. ಅದಕ್ಕೆ ಕೂಡಿದ ರಾಡ್ ಮಾತ್ರ ನಿಂತಲ್ಲೇ ನಿಂತಿತ್ತು, ಮನೆಗೆ ಬಂದ ಬೀಗರ ಹಾಗೆ. ಬುಶ್ ಎಲ್ಲಿ ಅಂತ ಬೆರಳು ಹಾಕಿದರೆ ಬೆರಳಿಗೆ ಬರೀ ಪುಡಿ ಬಂತು.

ಮೇಲೆ ಬಂದು ಹೇಳಿದೆ. ಮಾಸ್ತರರು ನಂಬಲಿಲ್ಲ. "ಇಷ್ಟು ಸಣ್ಣ ಬಳಿ ಸವೆದರ ಮ್ಯಾಲ ಮೂರು ಬೆರಳು ಅಲ್ಲಾಡ್ತದೇನು? ಲೆಕ್ಕ ಕೂಡಂಗಿಲ್ಲ" ಅಂದರು. ಗಣಿತದವರಲ್ಲವೇ! ನನಗೂ ಹಟ ಬಂತು. ಟೇಪು ಕೊಟ್ಟೆ. ಲಿವರ್ ಒಂದು ಗುಂಡಿನ ಮೇಲೆ ಕೂತಿರುತ್ತದೆ. ಗುಂಡಿನಿಂದ ಮೇಲಕ್ಕೆ ಹಿಡಿಯ ತನಕ ಅಳೆದರೆ ಹತ್ತಿರ ಹತ್ತಿರ 30 ಸೆಂಟಿಮೀಟರ್. ಗುಂಡಿನಿಂದ ಕೆಳಗೆ ರಾಡಿನ ತನಕ 5. ಮಾಸ್ತರರು ಜೇಬಿನಿಂದ ಸೀಮೆಸುಣ್ಣ ತೆಗೆದರು. ರಿಟೈರ್ ಆದ ಮೇಲೂ ಜೇಬಿನಲ್ಲಿ ಸೀಮೆಸುಣ್ಣ! ನೆಲದ ಪರಸಿ ಕಲ್ಲಿನ ಮೇಲೆ ಬರೆದರು. 30ನ್ನು 5ರಿಂದ ಭಾಗಿಸಿದರೆ 6. ಕೆಳಗೆ 1 ಮಿಲಿಮೀಟರ್ ಸವೆದರೆ ಮೇಲೆ 6. ಕೀಲುಗಳು ಮೂರು. ಮೂರರಲ್ಲೂ ಎರಡೆರಡು ಮಿಲಿಮೀಟರ್ ಸವೆದರೆ ಕೆಳಗೆ 6, ಮೇಲೆ 36. ಸ್ವಲ್ಪ ಹೊತ್ತು ಕಲ್ಲನ್ನೇ ನೋಡುತ್ತಾ ನಿಂತರು. ಆಮೇಲೆ ತಮ್ಮ ಮೂರು ಬೆರಳು ಜೋಡಿಸಿ ಅಳತೆ ನೋಡಿಕೊಂಡರು. ನಮ್ಮ ಹುಡುಗರಿಗೆ ಆ ಲೆಕ್ಕ ಒರೆಸಬೇಡಿ ಅಂದೆ, ಆದರೆ ಸಂಜೆ ಆಯಿಲ್ ಚೆಲ್ಲಿ ಹೋಯಿತು.

ಮೂರೂ ಬುಶ್ ಬದಲಿಸಿದೆ. ಪೂರ್ತಿ ಕಿಟ್ ಸಿಗುತ್ತದೆ. ರೇಟು ನೂರಿನ್ನೂರು ರೂಪಾಯಿ ಆಚೀಚೆ. ಕೆಲಸ ಎರಡು ತಾಸು. ಮಾಸ್ತರರು ಕೂತು ಗೇರ್ ಹಾಕಿದರು, ರಿವರ್ಸ್ ಬಿತ್ತು. ಇನ್ನೊಂದು ಸಲ ಹಾಕಿದರು, ಬಿತ್ತು. ಆಮೇಲೆ ಒಂದು ಬೇರೆ ತೊಂದರೆ ಶುರುವಾಯಿತು. ಅವರ ಕೈಗೆ ಎರಡು ವರ್ಷದ ಹಳೆ ದಾರಿ ರೂಢಿಯಾಗಿತ್ತಲ್ಲ, ಎರಡನೆಯ ಗೇರಿಗೆ ಕೈ ಸೀದಾ ಬಾಯಾರ ಮೊಣಕಾಲ ಕಡೆಗೇ ಹೋಗುತ್ತಿತ್ತು. "ಇನ್ನ ಇತ್ತ ಬರಂಗಿಲ್ಲ, ಅಲ್ಲೇ ಅದ ನೋಡ್ರಿ" ಅಂತ ಅವರೇ ಮಾಸ್ತರರ ಕೈ ಹಿಡಿದು ತೋರಿಸಿದರು.

ಕಥೆ ಉದ್ದವಾಯಿತು. ನನ್ನ ಕೈಯಲ್ಲಿ ಇನ್ನು ಒಂದೂವರೆ ಹಾಳೆ ಉಳಿದಿದೆ, ಬೇಗ ಬೇಗ ಹೇಳುತ್ತೇನೆ.

ನಾನು ಮಾಡಿದ ಪರೀಕ್ಷೆ ನೀವೂ ಮನೆಯಲ್ಲಿ ಮಾಡಬಹುದು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಲಿವರಿನಿಂದ ಶುರು ಮಾಡಿ ಬಾಕ್ಸಿನ ತನಕ ಒಂದೊಂದೇ ಕೀಲು ನೋಡುತ್ತಾ ಹೋಗಿ. ಹಿಂದಿನದು ಅಲ್ಲಾಡಿ ಮುಂದಿನದು ಅಲ್ಲಾಡದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಆದರೆ ಒಂದು ಮಾತು. ಬರೀ ಜಾಕಿನ ಮೇಲೆ ಎತ್ತಿದ ಕಾರಿನ ಕೆಳಗೆ ತಲೆ ಹಾಕಬೇಡಿ. ಶಹಾಬಾದ್ ಪರಸಿ ಕಲ್ಲು ಜೋಡಿಸಿ ಅದರ ಮೇಲೆ ಕಾರು ನಿಲ್ಲಿಸುವವರನ್ನು ನೋಡಿದ್ದೇನೆ. ಆ ಕಲ್ಲು ಹಾಸುವುದಕ್ಕೆ ಚಂದ. ಭಾರ ಒಂದೇ ಕಡೆ ಬಿದ್ದರೆ ಚಟ್ ಅಂತ ಒಡೆಯುತ್ತದೆ. ಗುಂಡಿ ಇಲ್ಲವೇ ಕಬ್ಬಿಣದ ಸ್ಟ್ಯಾಂಡ್ ಇದ್ದರೆ ಮಾತ್ರ ಕೆಳಗೆ ಇಳಿಯಿರಿ. ಇಲ್ಲದಿದ್ದರೆ ಮಿಸ್ತ್ರಿ ಹತ್ತಿರ ಹೋಗಿ, ಹೋಗಿ ಏನು ಹೇಳಬೇಕು? ಗೇರ್ ಬಾಕ್ಸ್ ಬಿಚ್ಚುವ ಮೊದಲು ಬುಶ್ ನೋಡಿ ಅಂತ. ಅವರಿಗೆ ಸಿಟ್ಟು ಬಂದರೆ ನನ್ನ ಹೆಸರು ಹೇಳಿ.

ಜುಗಾಡು ಬೇಡ. ಹವಾಯಿ ಚಪ್ಪಲಿ ಕತ್ತರಿಸಿ ಬುಶ್ ಮಾಡಿದ್ದನ್ನು ಈ ಕೈಯಿಂದ ತೆಗೆದಿದ್ದೇನೆ. ಸೈಕಲ್ ಟ್ಯೂಬ್ ಸುತ್ತಿದ್ದನ್ನೂ ತೆಗೆದಿದ್ದೇನೆ. ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಜಗಿದು ಉಗಿಯುತ್ತದೆ. ಲೇತ್‌ನಲ್ಲಿ ಹಿತ್ತಾಳೆ ಬುಶ್ ಮಾಡಿಸುವವರಿದ್ದಾರೆ. ಅದು ಬಾಳುತ್ತದೆ, ಆದರೆ ಎಂಜಿನ್ನಿನ ನಡುಕ ಪೂರ್ತಿ ಕೈಗೆ ಬರುತ್ತದೆ, ಲಿವರ್ ಟರ್ರ್ ಅನ್ನುತ್ತದೆ. ಇನ್ನು ರಬ್ಬರ್ ಬುಶ್ಶಿಗೆ ಮಾಮೂಲಿ ಗ್ರೀಸ್ ಮೆತ್ತಬೇಡಿ, ಉಬ್ಬಿ ಮೆತ್ತಗಾಗುತ್ತದೆ. ಸಿಲಿಕಾನ್ ಗ್ರೀಸ್ ಕೇಳಿ.

ಬುಶ್ ಹಾಕಿದ ಮೇಲೂ ತೊಂದರೆ ಇದ್ದರೆ? ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರೂ ಬೆಣ್ಣೆಯ ಹಾಗೆ ಬೀಳುತ್ತವೆ, ಚಾಲೂ ಮಾಡಿದ ಕೂಡಲೇ ಕರ್ ಅನ್ನುತ್ತದೆ ಅಂದರೆ ಅದು ಕ್ಲಚ್. ಕೇಬಲ್ ಸರಿ ಮಾಡಿಸಿ. ಎಕ್ಸಲರೇಟರ್ ಒತ್ತಿ ಬಿಟ್ಟಾಗ ಲಿವರ್ ತಾನೇ ಹಿಂದೆ ಮುಂದೆ ತಲೆ ಆಡಿಸಿದರೆ ಎಂಜಿನ್ ಕೂರಿಸುವ ಮೌಂಟಿಂಗ್ ಹೋಗಿದೆ. ಮೌಂಟಿಂಗ್ ಅಂದರೂ ರಬ್ಬರೇ ಅಲ್ವಾ, ಬುಶ್ಶಿನ ದೊಡ್ಡಪ್ಪ. ಗೇರ್ ಆಯಿಲ್ ಹಾಕಿಸುವಾಗ ಡಬ್ಬಿಯ ಮೇಲೆ ಜಿಎಲ್-4 ಅಂತ ಇದೆಯೋ ನೋಡಿ. ಬಾಕ್ಸಿನ ಒಳಗಿರುವ ಹಿತ್ತಾಳೆಯ ರಿಂಗುಗಳಿಗೆ ಅದೇ ಒಳ್ಳೆಯದು.

ಹುಡುಗರು ಕೇಳುತ್ತಾರೆ, "ಉಸ್ತಾದ್, ಲಿವರ್ ಕಟ್ ಮಾಡಿ ಗಿಡ್ಡ ಮಾಡಿಕೊಡ್ರಿ, ರೇಸ್ ಗಾಡಿ ಹಂಗ." ಮಾಡಬಹುದು. ಆದರೆ ಗಿಡ್ಡ ಆದಷ್ಟೂ ಕೈಗೆ ಜೋರು ಜಾಸ್ತಿ ಬೇಕು, ಮಾಸ್ತರರ ಲೆಕ್ಕ ನೆನಪಿದೆಯಲ್ಲ. ಬುಶ್ ಪುಡಿಯಾದ ಗಾಡಿಗೆ ಗಿಡ್ಡ ಲಿವರ್ ಹಾಕಿ ಮೇಲೆ ಗಾಜಿನ ತಲೆಬುರುಡೆ ಕೂರಿಸಿದರೆ, ಸಡಿಲ ಗೇರಿಗೆ ತಲೆಬುರುಡೆ ಬಂತು, ಅಷ್ಟೇ. ಮತ್ತೆ, ಓಡಿಸುವಾಗ ಲಿವರ್ ಮೇಲೆ ಕೈ ಇಟ್ಟುಕೊಂಡು ಕೂರಬೇಡಿ. ಆ ಭಾರ ಬಾಕ್ಸಿನ ಒಳಗೆ ಗೇರ್ ಸರಿಸುವ ಫೋರ್ಕಿನ ತನಕ ಹೋಗುತ್ತದೆ.

ಜೀಪಿನವರಿಗೆ ಒಂದು ಮಾತು. ನಿಮ್ಮ ಲಿವರ್ ಸೀದಾ ಬಾಕ್ಸಿನ ನೆತ್ತಿಯ ಮೇಲೆ ಕೂತಿರುತ್ತದೆ, ಉದ್ದ ರಾಡಿನ ಗೊಡವೆಯಿಲ್ಲ. ಲಿವರಿನ ಬುಡದ ಸ್ಪ್ರಿಂಗ್ ಮತ್ತು ಟೋಪಿ ನೋಡಿಸಿ. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರದ್ದು ಇನ್ನೂ ಉದ್ದ ಕಥೆ, ಅವರು ಗ್ಯಾರೇಜಿಗೇ ಬನ್ನಿ, ಚಾ ಕೊಡಿಸುತ್ತೇನೆ.

ಗೇರ್ ಬಾಕ್ಸ್ ನಿಜವಾಗಿ ಕೆಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಡುತ್ತದೆ. ಒಂದೇ ಗೇರಿನಲ್ಲಿ ಕೂಗು ಬಂದರೆ, ಬುಶ್, ಮೌಂಟಿಂಗ್ ಎಲ್ಲ ಹೊಸದಾದ ಮೇಲೂ ಗೇರ್ ತಾನೇ ಹೊರಗೆ ಜಿಗಿದರೆ, ಆವಾಗ ಬಿಚ್ಚಿ. ಅದಕ್ಕೂ ಮೊದಲು ಏನು ನೋಡಬೇಕು ಅಂತ ಈಗ ನಿಮ್ಮ ಮನೆಯ ಮಕ್ಕಳೂ ಹೇಳುತ್ತಾರೆ.

ಮಾಸ್ತರರು ಇದನ್ನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತು, ನಾನೇ ಫೋನ್ ಮಾಡಿ ಹೇಳಿದ್ದೇನೆ. ಮಾಸ್ತರೇ, ಮುಂದಿನ ಮೌಂಟಿಂಗ್ ಸೀಳಿದೆ ಅಂತ ಅವತ್ತೇ ಹೇಳಿದ್ದೆ, ನೀವಿನ್ನೂ ಬಂದಿಲ್ಲ. ಶುಕ್ರವಾರ ಗ್ಯಾರೇಜ್ ಬಂದ್ ಇರುತ್ತದೆ, ಶನಿವಾರ ಬೆಳಿಗ್ಗೆ ಬನ್ನಿ. ಬರುವಾಗ ಸೀಮೆಸುಣ್ಣ ತನ್ನಿ.

ನಮಸ್ಕಾರ.