ತಿರುವಿನ ಲೆಕ್ಕ, ಗಿರಕಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಫಾರ್ಮುಲಾ ಅಂದ ಕೂಡಲೇ ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ, ಗೊತ್ತು. ಇವತ್ತು ಬೇಕಾಗುವ ಗಣಿತ ಬಹಳ ಇಲ್ಲ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಲು ಬಂದರೆ ಸಾಕು. ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ ತೊಟ್ಟು ಓಡುವ ಇನ್‌ಲೈನ್ ಸ್ಕೇಟಿಂಗ್‌ನ ತಿರುವಿನಲ್ಲೂ ಗಿರಕಿಯಲ್ಲೂ ಈ ವರ್ಗದ್ದೇ ಯಜಮಾನಿಕೆ.

2025ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಸ್ಪೀಡ್ ಸ್ಕೇಟಿಂಗ್ ಚಾಂಪಿಯನ್‌ಷಿಪ್‌ನಲ್ಲಿ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ 1000 ಮೀಟರ್‌ನಲ್ಲಿ ಚಿನ್ನ ಗೆದ್ದರು. ತೆಗೆದುಕೊಂಡ ಸಮಯ 1 ನಿಮಿಷ 24.924 ಸೆಕೆಂಡ್. ಭಾಗಿಸಿ ನೋಡಿ: ಸೆಕೆಂಡಿಗೆ ಸರಾಸರಿ 11.8 ಮೀಟರ್, ಗಂಟೆಗೆ 42 ಕಿ.ಮೀ. ಪೇಟೆಯಲ್ಲಿ ನಾವು ಸ್ಕೂಟರ್ ಓಡಿಸುವ ವೇಗ, ಅಲ್ವಾ? ಈ ವೇಗದಲ್ಲಿ, ಸಮತಟ್ಟಾದ ನೆಲದ ಮೇಲೆ, 15 ಮೀಟರ್ ತ್ರಿಜ್ಯದ ತಿರುವು ಬಂತು ಅಂದುಕೊಳ್ಳಿ. ವೇಗದ ವರ್ಗ ಸುಮಾರು 139. ತ್ರಿಜ್ಯ 15ನ್ನು ಗುರುತ್ವದ 9.8ರಿಂದ ಗುಣಿಸಿದರೆ 147. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.95. ನೆಟ್ಟಗೆ ನಿಂತಲ್ಲಿಂದ ಒಳಕ್ಕೆ ವಾಲಬೇಕಾದ ಕೋನದ ಟ್ಯಾನ್ (ಶಾಲೆಯ ತ್ರಿಕೋನಮಿತಿಯದು) ಬೆಲೆ ಇದು. ಕೋನ ಸುಮಾರು 43 ಡಿಗ್ರಿ. ಹೆಚ್ಚು ಕಡಿಮೆ ಅರ್ಧ ಮಲಗಿದ ಹಾಗೆಯೇ!

ಈ ಲೆಕ್ಕದಲ್ಲಿ ತೂಕ ಎಲ್ಲಿ ಬಂತು? ಬರಲೇ ಇಲ್ಲ. 30 ಕೆ.ಜಿ. ಮಗಳಿಗೂ 80 ಕೆ.ಜಿ. ಅಪ್ಪನಿಗೂ ಅದೇ ವೇಗ, ಅದೇ ತಿರುವಿನಲ್ಲಿ ಅದೇ ಕೋನ. 'ನಮ್ಮ ಮಗು ಸಣಕಲು, ತಿರುವಿನಲ್ಲಿ ಹಾರಿ ಬೀಳುತ್ತೆ' ಅಂತ ಹೆದರುವ ಅಮ್ಮಂದಿರು ಮಗುವಿನ ತೂಕ ಬಿಟ್ಟು ವೇಗದ ಮೇಲೆ ಕಣ್ಣಿಡಲಿ. ವೇಗ ಎರಡು ಪಟ್ಟಾದರೆ ಆ 0.95 ನಾಲ್ಕು ಪಟ್ಟಾಗುತ್ತದೆ.

ಚಕ್ರಕ್ಕೆ ನೆಲದ ಮೇಲೆ ಎಷ್ಟು ಹಿಡಿತ ಬೇಕು ಅನ್ನುವುದನ್ನೂ ಅದೇ ಸಂಖ್ಯೆ ಹೇಳುತ್ತದೆ. ಮರಳು ಬಿದ್ದ ರಸ್ತೆಯಲ್ಲಿ ಹಿಡಿತ ಅರ್ಧವಾಯಿತು ಅನ್ನಿ. ವೇಗವನ್ನು ಅರ್ಧ ಮಾಡಬೇಕಿಲ್ಲ, ಹತ್ತರಲ್ಲಿ ಏಳು ಪಾಲಿಗೆ ಇಳಿಸಿದರೆ ಆಯಿತು. ವರ್ಗ ಇಲ್ಲಿ ನಮ್ಮ ಪರ.

ಈಗ ಗಿರಕಿ. ತಿರುಗುವಾಗ ಮೈಯ ಪ್ರತಿ ಭಾಗವೂ ಅಕ್ಷದಿಂದ, ಅಂದರೆ ಗಿರಕಿಯ ನಡುಗೆರೆಯಿಂದ, ಎಷ್ಟು ದೂರ ಇದೆಯೋ ಆ ದೂರದ ವರ್ಗದಷ್ಟು ತಿರುಗಿಸಲು ಭಾರವಾಗುತ್ತದೆ. ಅಕ್ಷದಿಂದ 80 ಸೆಂ.ಮೀ. ಆಚೆ ಇರುವ ಒಂದು ಕೆ.ಜಿ. ಅಂದರೆ 20 ಸೆಂ.ಮೀ. ಹತ್ತಿರ ಇರುವ 16 ಕೆ.ಜಿ.ಗೆ ಸಮ. ಅದಕ್ಕೇ ಚಾಚಿದ ಕೈಯನ್ನು ಎದೆಗೆ ಒತ್ತಿಕೊಂಡರೆ ಗಿರಕಿ ಜೋರಾಗುತ್ತದೆ. ಕೈ ಒಳಗೆ ಎಳೆದುಕೊಂಡ ನಿಮ್ಮ ಶ್ರಮವೇ ಆ ವೇಗಕ್ಕೆ ಬಂಡವಾಳ.

ಇಷ್ಟು ಐಸ್ ಸ್ಕೇಟಿಂಗ್‌ಗೂ ಸರಿ. ಇನ್‌ಲೈನ್‌ನ ನಿಜವಾದ ತಕರಾರು ಚಕ್ರಗಳದ್ದು. 80 ಮಿ.ಮೀ. ಚಕ್ರ ನಾಲ್ಕು ಇದ್ದರೆ, ಚಕ್ರಗಳನ್ನು ಹಿಡಿದಿಡುವ ಫ್ರೇಮಿನ ನಡುವಿನಿಂದ ಒಳಗಿನ ಎರಡು ಸುಮಾರು 4 ಸೆಂ.ಮೀ., ಹೊರಗಿನ ಎರಡು 12 ಸೆಂ.ಮೀ. ದೂರ. ನಿಂತಲ್ಲೇ ತಿರುಗಿದರೆ ನಾಲ್ಕೂ ಅಡ್ಡಕ್ಕೆ ಉಜ್ಜಬೇಕು. ತೂಕ ಸಮನಾಗಿ ಹಂಚಿದ್ದರೆ ಸರಾಸರಿ ದೂರ 8 ಸೆಂ.ಮೀ. ಇನ್ನು ಹೊರಗಿನ ಚಕ್ರಗಳನ್ನು ಒಂದೆರಡು ಮಿ.ಮೀ. ಮೇಲೆತ್ತಿ ನೋಡಿ. ಸ್ಕೇಟರ್‌ಗಳು ಇದನ್ನು ರಾಕರ್ ಅನ್ನುತ್ತಾರೆ. ಆಗ ನೆಲ ಮುಟ್ಟುವುದು ಒಳಗಿನ ಎರಡೇ, ದೂರ 4 ಸೆಂ.ಮೀ. ತಿರುಗಲು ಅಡ್ಡ ಬರುವ ಉಜ್ಜಾಟ ನೇರ ಅರ್ಧ! ಕೋನ್‌ಗಳ ನಡುವೆ ನುಸುಳುವ ಸ್ಲಾಲಮ್‌ನವರು ರಾಕರ್ ಬಿಟ್ಟಿರಲಾರರು, ಅಲ್ಲಿ ಕೋನ್‌ನಿಂದ ಕೋನ್‌ಗೆ ಕೆಲವು ಸಾಲುಗಳಲ್ಲಿ 50 ಸೆಂ.ಮೀ. ಅಷ್ಟೇ.

ಸ್ಪೀಡ್ ಸ್ಕೇಟಿಂಗ್‌ನವರಿಗೆ ಇದು ಬೇಡ. ಎರಡೇ ಚಕ್ರದ ಮೇಲೆ ನೇರ ಓಟದಲ್ಲಿ ಕಾಲು ಹಿಂದೆ ಮುಂದೆ ತೂಗುತ್ತದೆ. ಎರಡಕ್ಕೂ ಒಂದೇ ಜೋಡಿ ಸಾಕು ಅಂತ ಅಂಗಡಿಯವರು ಹೇಳಿದರೆ ಚಕ್ರದ ಕೆಳಗೆ ಒಂದು ಸ್ಕೇಲ್ ಇಟ್ಟು ನೋಡಿ: ನಾಲ್ಕೂ ಮುಟ್ಟಿದರೆ ಅದು ಓಟದ ಜೋಡಿ, ಒಳಗಿನ ಎರಡೇ ಮುಟ್ಟಿದರೆ ಗಿರಕಿಯ ಜೋಡಿ.